ಹನ್ನೊಂದು ಗಡಿಯಾರ, ಒಂದು ಫ್ಯಾನು

ಕೆಂಪು ಬಾಳೆ ಮಾಗಿದಾಗ ಸಿಪ್ಪೆ ಕಪ್ಪುಗೆಂಪಿನಿಂದ ಕಿತ್ತಳೆ ಬೆರೆತ ಕೆಂಪಿಗೆ ತಿರುಗಬೇಕು. ಆ ಸಲ ಬಣ್ಣ ತಿರುಗಲೇ ಇಲ್ಲ. ಒಳಗಿನ ತಿರುಳು ಮಾತ್ರ ಬೆರಳಿಟ್ಟರೆ ಒಳಹೋಗುವಷ್ಟು ಮೆತ್ತಗಾಗಿತ್ತು. ಕಮಲಾಪುರದ ಬೆಳೆಗಾರರ ಸಂಘವೊಂದರ ಮಾಗಿಸುವ ಕೋಣೆಯಲ್ಲಿ ಒಂದರ ಹಿಂದೊಂದು ಎರಡು ಸಲ ಹೀಗಾಯಿತು. ಆ ಕೋಣೆಯ ತಂಪು ಮತ್ತು ಗಾಳಿಯನ್ನು ನೋಡಿಕೊಳ್ಳುವ ಪ್ರೋಗ್ರಾಮ್ ಬರೆದವಳು ನಾನು.

ನಮ್ಮದು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿರುವ ಆರು ಜನರ ಆಫೀಸು. ಕಿಟಕಿ ತೆರೆದರೆ ಆಟೋಗಳ ಹಾರ್ನು, ಮುಚ್ಚಿದರೆ ಸೆಕೆ. ಅಲ್ಲಿ ಕುಳಿತು ಬರೆದ ಪ್ರೋಗ್ರಾಮಿನ ಕೆಲಸ ಹೇಳಲು ಸುಲಭ. ಮುಚ್ಚಿದ ಕೋಣೆಯಲ್ಲಿ ಬಾಳೆ ಮಾಗುವಾಗ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದನ್ನು ಹೊರಹಾಕದಿದ್ದರೆ ಬಣ್ಣ ಬರುವುದಿಲ್ಲ. ಕೋಣೆಯೊಳಗಿನ ಸೆನ್ಸರ್ ಡಬ್ಬಿ ಗಾಳಿಯನ್ನು ಅಳೆದು ಹೊರಗಿನ ಕಂಪ್ಯೂಟರಿಗೆ ಹೇಳುತ್ತದೆ. ಅಳತೆ ಮಿತಿ ದಾಟಿದರೆ ಪ್ರೋಗ್ರಾಮ್ ಗಾಳಿ ಹೊರಹಾಕುವ ಫ್ಯಾನನ್ನು ಮೂವತ್ತು ನಿಮಿಷ ಓಡಿಸಬೇಕು. ಆಮೇಲೆ ನಾಲ್ಕು ತಾಸು ಮುಟ್ಟಬಾರದು, ಇಲ್ಲದಿದ್ದರೆ ತಂಪೆಲ್ಲ ಹೊರಗೆ ಹೋಗುತ್ತದೆ. ಮೊದಲ ಕೆಲವು ತಿಂಗಳು ಹಣ್ಣು ಚೆನ್ನಾಗಿಯೇ ಬಂದಿತ್ತು.

ಎರಡನೆಯ ಸಲ ಕೆಟ್ಟಾಗ ಸಂಘದವರು ಕರೆದರು. ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಸ್ಸಿನಲ್ಲಿ ಹೋದೆ. ಒಂದು ತಾಸಿನ ದಾರಿ. ಕೋಣೆಯ ಉಸ್ತುವಾರಿ ಒಬ್ಬ ಹೆಣ್ಣುಮಗಳದು. ವಯಸ್ಸು ಐವತ್ತರ ಹತ್ತಿರ, ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಕಾಯಿ ತೊಳೆಯುವ, ಕ್ರೇಟು ಜೋಡಿಸುವ ಹದಿನೈದು ಹೆಂಗಸರನ್ನು ನಡೆಸುವವರು ಅವರೇ. ನಾನು ಚೀಲ ಇಳಿಸುವ ಮೊದಲೇ ಮಾತು ತೆಗೆದರು.

"ಮೇಡಂ, ಫ್ಯಾನ ಜಲ್ದಿ ನಿಂದರತದ್ರೀ. ನಾ ಒಂದ್ ಸಾಲ ಕ್ರೇಟ ತೊಳಸೋದ್ರೊಳಗ ಬಂದ್ ಆಗಿರ್ತದ."

ನಾನು ಕಂಪ್ಯೂಟರಿನಲ್ಲಿದ್ದ ದಾಖಲೆ ತೆರೆದು ತೋರಿಸಿದೆ. "ಇಲ್ಲಿ ನೋಡ್ರಿ ಅಕ್ಕಾರ. ನಾಕಕ್ಕ ಚಾಲೂ ಆಗ್ಯಾದ, ನಾಕೂವರಿಗೆ ಬಂದ್ ಆಗ್ಯಾದ. ಬರೋಬ್ಬರಿ ಅರ್ಧಾ ತಾಸು."

"ಅದರಾಗ ಹಂಗ ಬರದಿರಬೇಕ್ರೀ. ನಾ ಕಿವೀಲೆ ಕೇಳಿದ್ದ ಹೇಳಾಕತ್ತೀನಿ."

ಕಂಪ್ಯೂಟರಿನ ದಾಖಲೆಯ ಮುಂದೆ ಕಿವಿಯ ಸಾಕ್ಷಿಗೆ ಬೆಲೆ ಕೊಡುವ ಜಾತಿಯವಳಲ್ಲ ನಾನು. ಆದರೂ ಪರೀಕ್ಷೆ ಮಾಡಿದೆ. ಕೋಣೆ ಖಾಲಿ ಇತ್ತು. ಸೆನ್ಸರ್ ಡಬ್ಬಿಯ ಮತ್ತು ಫ್ಯಾನಿನ ವೈರುಗಳನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮಿತಿಯನ್ನು ಕೆಳಗಿಳಿಸಿದೆ. ಫ್ಯಾನು ಓಡಿತು. ಮೂವತ್ತು ನಿಮಿಷಕ್ಕೆ ನಿಂತಿತು. ಅಕ್ಕಾರ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಹಳೆಯ ದಾಖಲೆಯಲ್ಲಿ ಫ್ಯಾನು ಓಡಿದ ಮೇಲೂ ಕೆಟ್ಟ ಗಾಳಿಯ ಅಳತೆ ಇಳಿದಿರಲಿಲ್ಲ ಎಂಬುದನ್ನು ನೋಡಿದೆ. ಅದಕ್ಕೊಂದು ಕಾರಣ ಬೇಕಿತ್ತು, ಹುಡುಕಿಕೊಂಡೆ. ಊರಿಗೆ ಬಂದು ಸಂಘಕ್ಕೆ ಒಂದು ಪುಟದ ವರದಿ ಕಳಿಸಿದೆ. ಪ್ರೋಗ್ರಾಮ್ ಸರಿಯಾಗಿದೆ, ಕ್ರೇಟುಗಳನ್ನು ಗಾಳಿಯಾಡದಂತೆ ಒತ್ತಿ ಜೋಡಿಸಿರಬಹುದು, ನಿರ್ವಹಣೆಯನ್ನು ಗಮನಿಸಬೇಕು ಎಂದು ಬರೆದಿದ್ದೆ. ಬಹಳ ಚೊಕ್ಕ ವರದಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಮೂರು ದಿನಕ್ಕೆ ಅಕ್ಕಾರ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

"ನಿಮ್ಮ ಕಾಗದ ಮೀಟಿಂಗಿನ್ಯಾಗ ಓದಿದ್ರು ಮೇಡಂ. ಕ್ರೇಟ ಒತ್ತಿ ಇಟ್ಟಾರ ಅಂತ ಬರದೀರಂತ. ಇಡಸಾಕಿ ನಾನೇ ಅಲ್ರೀ? ಮುಂದಿನ ಸೋಮವಾರ ತುಂಬೋ ಮಾಲ ಕೆಟ್ರ ನನ್ನ ಬಿಡಿಸಿ ಬ್ಯಾರೆದವ್ರನ್ನ ಇಡ್ತಾರಂತ. ನಾ ಕ್ರೇಟಿನ ನಡುವ ನಾಕ ಬೆರಳ ಜಾಗಾ ಬಿಟ್ಟೇ ಇಡಸ್ತೇನ್ರೀ. ನೀವ ಬಂದು ಅಳತಿ ಮಾಡ್ಕೋರಿ."

ಕ್ರೇಟುಗಳನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ. ಅಂದು ಶುಕ್ರವಾರ. ಸೋಮವಾರಕ್ಕೆ ಹತ್ತು ದಿನವಿತ್ತು.

ಮೊದಲು ಆಫೀಸಿನಲ್ಲೇ ಮತ್ತೊಮ್ಮೆ ಪರೀಕ್ಷಿಸೋಣ ಎಂದು ಕುಳಿತೆ. ಕುಳಿತ ಮೇಲೆ ತಿಳಿಯಿತು, ಪರೀಕ್ಷಿಸಲು ದಾರಿಯೇ ಇಲ್ಲ ಎಂದು. ಪ್ರೋಗ್ರಾಮಿನಲ್ಲಿ ಫ್ಯಾನ್ ನಡೆಸುವ ತುಣುಕನ್ನು, ನಾವು ಕ್ಲಾಸು ಎನ್ನುವುದನ್ನು, ಒಂಟಿಯಾಗಿ ಓಡಿಸಿದರೆ ಅದು ಹುಟ್ಟುತ್ತಲೇ ಸೆನ್ಸರ್ ಡಬ್ಬಿಯನ್ನು ಹುಡುಕುತ್ತಿತ್ತು. ಡಬ್ಬಿ ಕಮಲಾಪುರದಲ್ಲಿದೆ. ಫ್ಯಾನಿನ ಸ್ವಿಚ್ಚನ್ನು ಹುಡುಕುತ್ತಿತ್ತು. ಅದೂ ಅಲ್ಲೇ ಇದೆ. ಮೂವತ್ತು ನಿಮಿಷ ನೋಡಬೇಕಾದರೆ ಮೂವತ್ತು ನಿಮಿಷ ಕೂಡಬೇಕು, ಐದು ದಿನದ ಮಾಗುವಿಕೆ ನೋಡಬೇಕಾದರೆ ಐದು ದಿನ ಕೂಡಬೇಕು. ತನಗೆ ಬೇಕಾದದ್ದನ್ನೆಲ್ಲ ಆ ಕ್ಲಾಸು ತನ್ನ ಹೊಟ್ಟೆಯೊಳಗೇ ಹುಟ್ಟಿಸಿಕೊಳ್ಳುತ್ತಿತ್ತು. ಹಾಗೆ ಬರೆದವಳು ನಾನೇ, ಬರೆದಾಗ ಅದು ಅಚ್ಚುಕಟ್ಟು ಅನ್ನಿಸಿತ್ತು.

ನಮ್ಮಲ್ಲಿ ಹಿರಿಯ ಸಹೋದ್ಯೋಗಿ ಒಬ್ಬರಿದ್ದಾರೆ. ರೋಜಾ ಬಡಾವಣೆಯ ಕಡೆಯಿಂದ ದಿನಾ ನಡೆದೇ ಬರುತ್ತಾರೆ. ನನ್ನ ಪ್ರೋಗ್ರಾಮನ್ನು ಮೊದಲು ಓದಿ ನೋಡಿದಾಗಲೇ ಅವರು, ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಮಾಡಿ ಎಂದಿದ್ದರು. ದೊಡ್ಡ ಕಂಪನಿಗಳ ಒಡವೆ ನಮ್ಮ ಸಣ್ಣ ಕೆಲಸಕ್ಕೇಕೆ ಎಂದು ನಾನು ನಕ್ಕು ಬಿಟ್ಟಿದ್ದೆ. ಹೆಸರು ಕೇಳಿದರೇ ಯಾರೋ ಸೂಜಿ ಹಿಡಿದು ಬಂದಂತಾಗುತ್ತದೆ. ಈಗ ಅವರು ಕುರ್ಚಿ ಎಳೆದುಕೊಂಡು ಬಂದರು.

"ಮೇಡಂ, ಜ್ವಾಳ ಬೀಸಸಾಕ ಗಿರಣಿಗೆ ಹೋಗ್ತೀರಲ್ಲ, ಗಿರಣಿಯಂವ ಜ್ವಾಳ ಎಲ್ಲಿಂದ ತರ್ತಾನ?"

"ನಾವೇ ಒಯ್ತೀವಲ್ರೀ ಸರ್."

"ನಿಮ್ಮ ಗಿರಣಿ ಬಾಗಲಾ ಹಾಕ್ಕೊಂಡು ಒಳಗ ತಾನೇ ಜ್ವಾಳ ಬೆಳೀತದ, ತಾನೇ ಬೀಸ್ತದ. ಹಿಟ್ಟ ಕಹಿ ಆದ್ರ ಜ್ವಾಳದ ತಪ್ಪೋ ಕಲ್ಲಿನ ತಪ್ಪೋ ಹ್ಯಾಂಗ ಗೊತ್ತಾಗಬೇಕು? ಬೇಕಾದ್ದು ಹೊರಗಿಂದ ಕೊಡ್ರಿ. ಇಷ್ಟೇ ಅದ ಅದರಾಗ."

ಮಾತು ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ತಪ್ಪು ನನ್ನ ಪ್ರೋಗ್ರಾಮಿನಲ್ಲಿದೆ ಎಂಬುದನ್ನೇ ನಾನಿನ್ನೂ ಒಪ್ಪಿರಲಿಲ್ಲವಲ್ಲ.

ಮಂಗಳವಾರ ಬೆಳಿಗ್ಗೆ ಮತ್ತೆ ಕಮಲಾಪುರಕ್ಕೆ ಹೋದೆ. ಈ ಸಲ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಅಲ್ಲಿರುವುದನ್ನು ಇದ್ದ ಹಾಗೆಯೇ ಓಡಿಸಿ ನೋಡಬೇಕು, ಅಕ್ಕಾರ ಹೇಳಿದ್ದನ್ನು ನನ್ನ ಕಿವಿಯಿಂದಲೂ ಕೇಳಬೇಕು ಎಂದು ನಿಶ್ಚಯಿಸಿದ್ದೆ. ಮೊದಲು ಖಾಲಿ ಕ್ರೇಟುಗಳನ್ನು ಎಂದಿನಂತೆ ಜೋಡಿಸಲು ಹೇಳಿ ಅಳೆದೆ. ಎಲ್ಲ ಕಡೆ ನಾಲ್ಕು ಬೆರಳು, ಒಂದು ಕಡೆ ಐದು. ಆಮೇಲೆ ಅಲ್ಲಿಯ ಕಂಪ್ಯೂಟರಿನಲ್ಲೇ ಮಿತಿ ಇಳಿಸಿದೆ. ಫ್ಯಾನು ಶುರುವಾಯಿತು. ನನ್ನ ಮೊಬೈಲಿನಲ್ಲಿ ನಿಮಿಷ ಎಣಿಸುವುದನ್ನು ಒತ್ತಿ ಬಾಗಿಲ ಬಳಿ ನಿಂತೆ.

ಐದು ನಿಮಿಷಕ್ಕೆ ಫ್ಯಾನು ನಿಂತಿತು.

ಓಡಿ ಹೋಗಿ ದಾಖಲೆ ನೋಡಿದೆ. ಹತ್ತಕ್ಕೆ ಶುರು, ಹತ್ತೂವರೆಗೆ ಬಂದ್. ಮೂವತ್ತು ನಿಮಿಷ. ನನ್ನ ಮೊಬೈಲಿನಲ್ಲಿ ಹತ್ತು ಗಂಟೆ ಐದು ನಿಮಿಷ. ಗೋಡೆಯ ಗಡಿಯಾರ ನೋಡಿದೆ, ಹತ್ತೂವರೆ.

"ಅಕ್ಕಾರ, ಈ ಗಡಿಯಾರ ಮುಂದ ಅದ ಏನ್ರೀ?"

"ಹೌದ್ರೀ, ಇಪ್ಪತ್ತೈದ ನಿಮಿಷ. ನಾನೇ ಇಟ್ಟೇನಿ." ಅದರಲ್ಲೇನು ಕೇಳುವುದಿದೆ ಎಂಬ ಹಾಗಿತ್ತು ಅವರ ಮುಖ. "ಲಾರಿ ಮೊದಲಕಿಂತ ಜಲ್ದಿ ಹೊಂಡಾಕತ್ತಿತ್ರೀ. ಹೆಣ್ಮಕ್ಕಳು ತಡಾ ಮಾಡಿ ಬರ್ತಿದ್ರು. ಗಡಿಯಾರ ಮುಂದ ಇಟ್ಟೆ, ಓಡಿ ಬರಾಕತ್ತಿದ್ರು. ಆಮೇಲ ಒಬ್ಬಾಕಿ ಕಂಪ್ಯೂಟರ್ ನೋಡಿ, ಗ್ವಾಡಿ ಗಡಿಯಾರ ಸುಳ್ಳ ಹೇಳ್ತದ ಅಂದ್ಳು. ಎರಡೂ ಒಂದೇ ಇರ್ಲಿ ಅಂತ ಕಂಪ್ಯೂಟರಿನ್ಯಾಗೂ ಮುಂದ ಮಾಡ್ದೆ."

"ಅವ್ರ ಮೊಬೈಲಿನ್ಯಾಗ ಖರೇ ಟೈಮ್ ಇರ್ತದಲ್ರೀ?"

"ಎಲ್ಲಾರಿಗೂ ಗೊತ್ತದ್ರೀ ಗಡಿಯಾರ ಮುಂದ ಅದ ಅಂತ. ಆದ್ರೂ ಅದನ್ನ ನೋಡಿದ್ರ ಕಾಲ ಜೋರ ನಡೀತಾವ."

ನಮ್ಮ ಮನೆಯಲ್ಲೂ ಅಡುಗೆಮನೆಯ ಗಡಿಯಾರ ಹತ್ತು ನಿಮಿಷ ಮುಂದಿದೆ. ನಾನೂ ಅದನ್ನು ನೋಡಿಯೇ ಅವಸರ ಮಾಡುತ್ತೇನೆ. ಹಾಗಾಗಿ ನಗುವ ಹಕ್ಕು ನನಗಿರಲಿಲ್ಲ.

ಸೆನ್ಸರ್ ಡಬ್ಬಿಗೆ ತನ್ನದೇ ಗಡಿಯಾರವಿತ್ತು, ಅದು ಸರಿಯಾಗಿತ್ತು. ನನ್ನ ಪ್ರೋಗ್ರಾಮ್ ಫ್ಯಾನು ಶುರುವಾದ ಹೊತ್ತನ್ನು ಡಬ್ಬಿಯಿಂದ ಬರೆದುಕೊಳ್ಳುತ್ತಿತ್ತು, ನಿಲ್ಲಿಸುವ ಹೊತ್ತನ್ನು ಕಂಪ್ಯೂಟರಿನಿಂದ ಕೇಳುತ್ತಿತ್ತು. ಎರಡರ ನಡುವೆ ಇಪ್ಪತ್ತೈದು ನಿಮಿಷ ಮೊದಲೇ ಕಳೆದುಹೋಗಿತ್ತು. ಉಳಿದದ್ದು ಐದು ನಿಮಿಷ. ನನ್ನ ಲ್ಯಾಪ್‌ಟಾಪಿನ ಸಮಯ ಸರಿಯಿದ್ದ ಕಾರಣ ಹಿಂದಿನ ಸಲ ಎಲ್ಲವೂ ಸುಸೂತ್ರವಾಗಿ ನಡೆದಿತ್ತು.

ನಮ್ಮ ಆಫೀಸಿನ ಮಾಲೀಕರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರಿಗೆ ಸಮಾಧಾನವಾಯಿತು.

"ಭಾಳ ಛಲೋ ಆಯ್ತು. ಟೈಮ್ ಸರಿ ಮಾಡಿ ಬಂದ್ಬಿಡ್ರಿ. ಗಡಿಯಾರ ಮುಟ್ಟಿದ್ದು ಅವ್ರ ತಪ್ಪು ಅಂತ ಎರಡ ಸಾಲ ಬರದು ಕೊಡ್ರಿ. ನಮ್ಮ ಕೆಲಸ ಮುಗೀತು."

ನಿಜ ಹೇಳುತ್ತೇನೆ, ಒಂದು ಕ್ಷಣ ಆಸೆಯಾಯಿತು. ಬರೆದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನನ್ನ ಹಿಂದಿನ ಎರಡು ಸಾಲಿನಿಂದ ಈ ಹೆಂಗಸಿನ ಕೆಲಸಕ್ಕೆ ಕುತ್ತು ಬಂದಿತ್ತು. ಇನ್ನೆರಡು ಸಾಲು ಬರೆದರೆ ಅದು ಪೂರ್ತಿ ಹೋಗುತ್ತಿತ್ತು. ಗಡಿಯಾರ ಮುಟ್ಟಬೇಡಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳಲು ನನಗೇ ಗೊತ್ತಿರಲಿಲ್ಲ. ಪ್ರೋಗ್ರಾಮಿಗೆ ಗಡಿಯಾರ ಬೇಕು ಎಂಬ ಸಂಗತಿ ಅದರೊಳಗೆ ಎಲ್ಲೋ ಹೂತುಹೋಗಿತ್ತು, ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ.

"ನಾ ಬರಿಯಂಗಿಲ್ಲ ಸರ್. ಪ್ರೋಗ್ರಾಮ್ ಬಿಚ್ಚಿ ಮತ್ತ ಕಟ್ತೀನಿ. ಸೋಮವಾರದ ತನಕ ಬ್ಯಾರೆ ಕೆಲಸ ಕೊಡಬ್ಯಾಡ್ರಿ."

"ಮತ್ತ ಸೋಮವಾರದ ಮಾಲೂ ಕೆಟ್ರ?"

"ಕೆಟ್ರ ನನ್ನ ಹೆಸರ ಹಾಕಿ ಬರದು ಕೊಡ್ತೀನಿ."

ಫೋನ್ ಇಟ್ಟ ಮೇಲೆ ಅಕ್ಕಾರ, ಗಡಿಯಾರ ಸರಿ ಮಾಡಲೇ ಎಂದು ಕೇಳಿದರು. ಬೇಡ, ಇರುವ ಹಾಗೆಯೇ ಇರಲಿ ಎಂದೆ. ಅದು ಮುಂದಿದ್ದಾಗಲೂ ಫ್ಯಾನು ಮೂವತ್ತು ನಿಮಿಷ ಓಡಬೇಕು.

ಬುಧವಾರ ಪ್ರೋಗ್ರಾಮನ್ನು ಪೂರ್ತಿ ಕಾಗದದ ಮೇಲೆ ಅಚ್ಚು ತೆಗೆದು ಕೆಂಪು ಪೆನ್ನು ಹಿಡಿದೆ. ಈಗ ಎಷ್ಟು ಹೊತ್ತು ಎಂದು ಯಾವ ಯಾವ ಕ್ಲಾಸು ತಾನಾಗಿ ಕೇಳಿಕೊಳ್ಳುತ್ತದೋ ಅಲ್ಲೆಲ್ಲ ಸುತ್ತು ಹಾಕಿದೆ. ಹನ್ನೊಂದು ಕಡೆ ಬಂತು. ಹನ್ನೊಂದು ಗಡಿಯಾರಗಳನ್ನು ನಾನೇ ಒಳಗಿಟ್ಟು ಮರೆತಿದ್ದೆ.

ಆ ದಿನವೆಲ್ಲ ಕುಳಿತು ನಾನು ಮಾಡಿದ ಮೊದಲ ಪ್ರಯತ್ನವೂ ತಪ್ಪಾಗಿತ್ತು. ಗಡಿಯಾರ, ಸೆನ್ಸರ್, ಸ್ವಿಚ್ಚು ಎಲ್ಲವನ್ನೂ ಒಂದು ದೊಡ್ಡ ಉಗ್ರಾಣದಂಥ ಕ್ಲಾಸಿನಲ್ಲಿ ಇಟ್ಟು, ಬೇಕಾದವರು ಅಲ್ಲಿಂದ ತೆಗೆದುಕೊಳ್ಳಲಿ ಎಂದು ಬರೆದೆ. ಹಿರಿಯರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಮೊದಲ ಗಿರಣಿಯಂವ ಒಳಗ ಜ್ವಾಳ ಬೆಳೀತಿದ್ದ. ಈಗ ನಿಮ್ಮ ಮನೀಗೆ ನುಗ್ಗಿ ಚೀಲಕ್ಕ ಕೈ ಹಾಕಾಕತ್ತಾನ. ಅಂವಗ ಏನೇನ ಬೇಕು ಅಂತ ಬಾಗಲದಾಗ ನಿಂತವ್ರಿಗೆ ಈಗಾದ್ರೂ ಗೊತ್ತಾಗ್ತದೇನ್ರೀ?"

ಸಿಟ್ಟು ಬಂತು. ಊಟದ ಡಬ್ಬಿ ತೆಗೆದು ರೊಟ್ಟಿ, ಶೇಂಗಾ ಹಿಂಡಿ ತಿಂದೆ. ತಿನ್ನುತ್ತಾ ಫ್ಯಾನಿನ ಕ್ಲಾಸಿನ ಮೊದಲ ಸಾಲನ್ನೇ ನೋಡುತ್ತಾ ಕುಳಿತೆ. ಕ್ಲಾಸು ಹುಟ್ಟುವಾಗ ಏನೇನು ಬೇಡುತ್ತದೆ ಎಂದು ಹೇಳುವ ಜಾಗವದು, ಅದಕ್ಕೆ ಕನ್‌ಸ್ಟ್ರಕ್ಟರ್ ಎನ್ನುತ್ತಾರೆ. ನನ್ನದು ಖಾಲಿ ಇತ್ತು. ತನಗೆ ಯಾರ ಹಂಗೂ ಇಲ್ಲ ಎಂದು ಹೇಳಿಕೊಳ್ಳುತ್ತಿತ್ತು, ಒಳಗೆ ಮಾತ್ರ ಮೂರು ಜನರನ್ನು ನೆಚ್ಚಿಕೊಂಡಿತ್ತು. ನನಗೊಂದು ಗಡಿಯಾರ, ಒಂದು ಸೆನ್ಸರ್, ಒಂದು ಸ್ವಿಚ್ಚು ಕೊಟ್ಟರೆ ಮಾತ್ರ ಕೆಲಸ ಮಾಡುತ್ತೇನೆ ಎಂದು ಅದು ಬಾಗಿಲಲ್ಲೇ ಹೇಳಬೇಕಿತ್ತು. ಯಾವ ಗಡಿಯಾರ ಎಂಬುದನ್ನು ಕೊಡುವವರು ನೋಡಿಕೊಳ್ಳುತ್ತಾರೆ. ಆಗ ನನಗೆ ನಿಜವಾಗಿ ತಿಳಿಯಿತು. ಡಿಪೆಂಡೆನ್ಸಿ ಇಂಜೆಕ್ಷನ್ ಎಂದರೆ ಬೇರೆಯವರು ಬರೆದಿಟ್ಟ ಒಂದು ಲೈಬ್ರರಿ, ಒಂದು ಜಾಣತನ ಎಂದು ಇಷ್ಟು ದಿನ ಅಂದುಕೊಂಡಿದ್ದೆ; ಬೇಕಾದದ್ದನ್ನು ಬಾಗಿಲಲ್ಲೇ ಕೇಳುವುದಷ್ಟೇ ಅದು.

ಗುರುವಾರ, ಶುಕ್ರವಾರ ಹನ್ನೊಂದು ಕಡೆಯೂ ಬಿಚ್ಚಿದೆ. ಪ್ರತಿ ಕ್ಲಾಸೂ ತನಗೆ ಬೇಕಾದದ್ದನ್ನು ಕನ್‌ಸ್ಟ್ರಕ್ಟರಿನಲ್ಲೇ ಕೇಳುವಂತೆ ಮಾಡಿದೆ. ನಿಜವಾದ ಡಬ್ಬಿ, ನಿಜವಾದ ಸ್ವಿಚ್ಚು, ಒಂದೇ ಒಂದು ಗಡಿಯಾರ, ಇವನ್ನು ಹುಟ್ಟಿಸಿ ಎಲ್ಲರಿಗೂ ಹಂಚುವ ಕೆಲಸ ಪ್ರೋಗ್ರಾಮ್ ಶುರುವಾಗುವ ಒಂದೇ ಫೈಲಿನಲ್ಲಿ ನಡೆಯುವಂತಾಯಿತು. ಲೈಬ್ರರಿ ಯಾವುದೂ ಬೇಕಾಗಲಿಲ್ಲ.

ಆಮೇಲೆ ಪರೀಕ್ಷೆಗೆಂದು ಮೂರು ನಕಲಿಗಳನ್ನು ಬರೆದೆ. ನಾನು ಹೇಳಿದ ಅಳತೆ ಹೇಳುವ ನಕಲಿ ಸೆನ್ಸರ್, ಓಡಿದೆ ನಿಂತಿದೆ ಎಂದು ಬರೆದುಕೊಳ್ಳುವ ನಕಲಿ ಫ್ಯಾನು, ನಾನು ತಿರುಗಿಸಿದಷ್ಟೇ ತಿರುಗುವ ನಕಲಿ ಗಡಿಯಾರ. ಲೆಕ್ಕಾಚಾರವನ್ನು ಮೊದಲಿನಂತೆಯೇ ಇಟ್ಟು, ಡಬ್ಬಿಯ ಸಮಯ ಸರಿ, ಗಡಿಯಾರ ಇಪ್ಪತ್ತೈದು ನಿಮಿಷ ಮುಂದೆ ಎಂದು ಕೊಟ್ಟು ಓಡಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಫ್ಯಾನು ಓಡಿದ್ದು ಐದು ನಿಮಿಷ. ಎರಡು ಸಲ ಹಣ್ಣು ಕೆಟ್ಟ ಕಾರಣ ಸೂಪರ್ ಮಾರ್ಕೆಟ್ಟಿನ ನನ್ನ ಮೇಜಿನ ಮೇಲೆ, ಪರದೆಯಲ್ಲಿ ಒಂದೇ ಸಾಲಾಗಿ ನಿಂತಿತ್ತು. ನಾಚಿಕೆಯಾಯಿತು. ಇಷ್ಟು ಸಣ್ಣ ಪರೀಕ್ಷೆ ಮೊದಲೇ ಸಾಧ್ಯವಿದ್ದಿದ್ದರೆ ಆ ವರದಿಯನ್ನು ನಾನು ಬರೆಯುತ್ತಲೇ ಇರಲಿಲ್ಲ.

ತಿದ್ದುವುದು ಅರ್ಧ ದಿನದ ಕೆಲಸ. ಎಷ್ಟು ಹೊತ್ತು ಕಳೆಯಿತು ಎಂದು ತಿಳಿಯಲು ಗಂಟೆ ನೋಡುವ ಅಗತ್ಯವೇ ಇಲ್ಲ, ಕಂಪ್ಯೂಟರ್ ಶುರುವಾದಾಗಿನಿಂದ ಎಷ್ಟು ಸೆಕೆಂಡು ಆಯಿತು ಎಂಬ ಎಣಿಕೆ ಇರುತ್ತದೆ. ಯಾರು ಗಡಿಯಾರ ಹಿಂದೆ ಮುಂದೆ ಮಾಡಿದರೂ ಅದು ಬದಲಾಗುವುದಿಲ್ಲ. ಶುರು ಮಾಡುವುದಕ್ಕೂ ನಿಲ್ಲಿಸುವುದಕ್ಕೂ ಗಡಿಯಾರದ ಜಾಗದಲ್ಲಿ ಅದನ್ನೇ ಕೊಟ್ಟೆ. ನಡುವೆ ಕರೆಂಟು ಹೋದರೆ ಫ್ಯಾನು ಮತ್ತೆ ಮೊದಲಿನಿಂದ ಓಡಲಿ ಎಂದು ಬರೆದೆ. ಐದು ದಿನದ ಮಾಗುವಿಕೆಯನ್ನು ನಲವತ್ತು ಬಗೆಯಲ್ಲಿ ಓಡಿಸಿದೆ. ಶನಿವಾರ ಮಾಲೀಕರಿಗೆ ನಕಲಿ ಫ್ಯಾನನ್ನೇ ಸಿಕ್ಕಿಸಿ ಪರದೆಯ ಮೇಲೆ ಎಲ್ಲವನ್ನೂ ತೋರಿಸಿದೆ. ಅವರು ತಲೆಯಾಡಿಸಿದರು.

ಸೋಮವಾರ ಕೋಣೆಗೆ ಕಾಯಿ ತುಂಬಿದರು. ಸಂಘದ ಅಧ್ಯಕ್ಷರೂ ಬಂದು ನಿಂತಿದ್ದರು. ನಾನು ಹೊಸ ಪ್ರೋಗ್ರಾಮ್ ಹಾಕಿ ಪರೀಕ್ಷೆಗೆಂದು ಮಿತಿ ಇಳಿಸಿದೆ. ಫ್ಯಾನು ಚಾಲೂ ಎಂದು ಪರದೆಯಲ್ಲಿ ಬಂತು. ನಾನು ಅಧ್ಯಕ್ಷರ ಕಡೆ ತಿರುಗಿದೆ. ಅಷ್ಟರಲ್ಲಿ ಕೋಣೆಯ ಬಾಗಿಲಿಂದ ಅಕ್ಕಾರ ಕೂಗಿದರು.

"ಮೇಡಂ, ಫ್ಯಾನ ತಿರಗವಲ್ದರೀ."

ಪರದೆಯಲ್ಲಿ ಚಾಲೂ ಎಂದೇ ಇತ್ತು. ಈ ಸಲ ನಾನು ಪರದೆ ತೋರಿಸಲಿಲ್ಲ. ಎದ್ದು ಹೋಗಿ ಕಿವಿಗೊಟ್ಟೆ, ಸದ್ದಿಲ್ಲ. ವಾಪಸ್ ಬಂದು ಪ್ರೋಗ್ರಾಮ್ ತೆರೆದು ನೋಡಿದೆ. ಮಾಲೀಕರಿಗೆ ತೋರಿಸಲು ಸಿಕ್ಕಿಸಿದ ನಕಲಿ ಫ್ಯಾನು ಹಾಗೆಯೇ ಉಳಿದಿತ್ತು. ಓಡಿದೆ ಎಂದು ಬರೆದುಕೊಳ್ಳುವುದಷ್ಟೇ ಅದರ ಕೆಲಸ, ಅದನ್ನು ನಿಷ್ಠೆಯಿಂದ ಮಾಡುತ್ತಿತ್ತು. ಹಳೆಯ ಪ್ರೋಗ್ರಾಮ್ ಆಗಿದ್ದರೆ ಎಲ್ಲಿ ಹುಡುಕುತ್ತಿದ್ದೆನೋ. ಈಗ ಹುಡುಕುವುದಕ್ಕೆ ಒಂದೇ ಫೈಲು. ಒಂದು ಸಾಲು ಬದಲಿಸಿದೆ. ಫ್ಯಾನು ಗುಂಯ್ ಎಂದಿತು. ನಾನು ಮೊಬೈಲ್ ಹಿಡಿದು, ಅಕ್ಕಾರ ಬಾಗಿಲಿಗೆ ಒರಗಿ, ಇಬ್ಬರೂ ಮೂವತ್ತು ನಿಮಿಷ ಅಲ್ಲೇ ನಿಂತೆವು. ಅಧ್ಯಕ್ಷರು ಹತ್ತು ನಿಮಿಷಕ್ಕೇ ಬೇಸತ್ತು ಹೋದರು.

ಶನಿವಾರ ಬಾಗಿಲು ತೆಗೆದಾಗ ನಾನು ಹಿಂದೆ ನಿಂತಿದ್ದೆ, ಮುಂದೆ ಹೋಗಲು ಧೈರ್ಯ ಸಾಲಲಿಲ್ಲ. ಅಕ್ಕಾರ ಒಳಗಿನಿಂದ ಒಂದು ಹಣ್ಣು ತಂದು ಕೈಗಿಟ್ಟರು. ಸಿಪ್ಪೆಗೆ ಕಿತ್ತಳೆಗೆಂಪು ಬಣ್ಣ ಬಂದಿತ್ತು, ಒತ್ತಿದರೆ ಬೇಕಾದಷ್ಟೇ ಮಿದು. ಅಲ್ಲೇ ನಿಂತು ತಿಂದೆ.

ಮಧ್ಯಾಹ್ನ ಸಂಘದ ಸಭೆಯಿತ್ತು. ನಾನೊಂದು ಹೊಸ ವರದಿ ಬರೆದುಕೊಂಡು ಹೋಗಿದ್ದೆ. ಅಧ್ಯಕ್ಷರು ಅದನ್ನು ಮಡಿಸಿ ಕಡತಕ್ಕೆ ಸೇರಿಸಲು ಹೊರಟರು.

"ಮಾಲ ಛಲೋ ಬಂದದ, ಆಕಿನೂ ಕೆಲಸದಾಗ ಇರ್ತಾಳ. ಹಳೇದ್ ಯಾಕ ತೆಗೀತೀರಿ ಮೇಡಂ, ಬಿಡ್ರಿ."

"ಮೊದಲಿಂದು ಎಲ್ಲಾರ ಮುಂದ ಓದೀರಿ. ಇದನ್ನೂ ಓದಬೇಕ್ರೀ" ಎಂದು ಕಾಗದ ಇಸಿದುಕೊಂಡು ನಾನೇ ಎದ್ದು ನಿಂತು ಓದಿದೆ. ಎರಡು ಸಲವೂ ಹಣ್ಣು ಕೆಟ್ಟದ್ದು ನಾನು ಬರೆದ ಪ್ರೋಗ್ರಾಮಿನ ತಪ್ಪಿನಿಂದ. ಕ್ರೇಟುಗಳನ್ನು ಸರಿಯಾಗಿಯೇ ಜೋಡಿಸಲಾಗಿತ್ತು, ನಾನು ಅವನ್ನು ನೋಡದೆ ಬರೆದಿದ್ದೆ. ಫ್ಯಾನು ಬೇಗ ನಿಲ್ಲುತ್ತದೆ ಎಂದು ಉಸ್ತುವಾರಿಯವರು ನನಗೆ ಮೊದಲೇ ಹೇಳಿದ್ದರು, ನಾನು ನಂಬಲಿಲ್ಲ. ಕೊನೆಯ ಸಾಲು ಓದಿ, ಎಲ್ಲರ ಮುಂದೆಯೇ ಕೆಳಗೆ ಸಹಿ ಮಾಡಿದೆ.

ಬಾಗಿಲ ಬಳಿ ನಿಂತಿದ್ದ ಅಕ್ಕಾರ ಮುಂದೆ ಬಂದರು.

"ಇದರದೊಂದ್ ಝೆರಾಕ್ಸ್ ನನಗ ಕೊಡ್ರಿ."

ಅಧ್ಯಕ್ಷರು ನಕ್ಕರು. "ನಿನಗ್ಯಾಕವಾ ಅದು? ಕೆಲಸ ಇದ್ದೇ ಅದ ಅಂದ್ನಲ್ಲ."

"ಮನ್ಯಾಗ ಇಡ್ತೇನ್ರೀ. ಆ ಮೊದಲಿನ ಕಾಗದದ ಸುದ್ದಿ ನನ್ನ ಸೊಸಿ ತವರಮನಿ ತನಕ ಮುಟ್ಟ್ಯದ."

ನಾನು ಸಹಿ ಮಾಡಿದ ಮೂಲ ಕಾಗದವನ್ನೇ ಅವರ ಕೈಗೆ ಕೊಟ್ಟೆ. ಸಂಘದ ಕಡತಕ್ಕೆ ಝೆರಾಕ್ಸ್ ಸಾಕು ಎಂದೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹಣ್ಣು ತುಂಬಿಸಲು ಲಾರಿಯ ಕಡೆ ನಡೆದರು.